ಜೊಲ್ಲು ಸುರಿಸುವ ಹಸುವಿನ ಬಾಯಿಗೆ ಕೈ ಹಾಕುವ ಮುನ್ನ

"ಸಾರ್, ಹಸು ಗಂಟಲಿಗೆ ಏನೋ ಸಿಕ್ಕಾಕ್ಕೊಂಡೈತೆ. ನೀರೂ ಕುಡೀತಿಲ್ಲ, ಮೇವೂ ಮುಟ್ತಿಲ್ಲ. ಒಸಿ ಬಂದು ನೋಡಿ."

ಒಕ್ಕೂಟದ ಪಶುವೈದ್ಯನಾಗಿ ಹಳ್ಳಿ ಸುತ್ತಿದ ವರ್ಷಗಳಲ್ಲಿ ಈ ಮಾತನ್ನು ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ಬಹಳಷ್ಟು ಸಲ ನಿಜಕ್ಕೂ ಏನೋ ಸಿಕ್ಕಿಕೊಂಡಿರುತ್ತಿತ್ತು. ಹಲಸಿನ ದಿಂಡು, ಗೆಣಸು, ಎಳೆ ಮಾವಿನಕಾಯಿ, ಒಮ್ಮೆ ಪ್ಲಾಸ್ಟಿಕ್ ಹಗ್ಗದ ಉಂಡೆ. ಒಂದು ಬೇಸಿಗೆಯ ಸಂಜೆ ಬಂದ ಫೋನು ಹಾಗಿರಲಿಲ್ಲ. ಅದನ್ನು ಈ ಪುಟದಲ್ಲಿ ಬರೆಯಬೇಕು ಎಂದು ನಿವೃತ್ತನಾದ ಮೇಲೂ ಅಂದುಕೊಳ್ಳುತ್ತಲೇ ಇದ್ದೆ.

ಎರಡನೇ ಸೂಲಿನ ಎಚ್.ಎಫ್. ಮಿಶ್ರತಳಿ ಹಸು. ನಾನು ಹೋಗುವ ಹೊತ್ತಿಗೆ ಯಜಮಾನರು ಮೊಳಕೈವರೆಗೆ ಬಾಯಿಗೆ ಕೈ ಹಾಕಿ ನೋಡಿದ್ದರು. ಅವರ ಭಾವಮೈದುನನೂ ನೋಡಿದ್ದ. ಪಕ್ಕದ ಮನೆಯವರು ಬಾಯಿ ಅಗಲಿಸಿ ಹಿಡಿದಿದ್ದರು. ಯಜಮಾನರ ತಾಯಿ, ಎಪ್ಪತ್ತು ದಾಟಿದ ಅಜ್ಜಿ, ಗೊಟ್ಟದಲ್ಲಿ ಹರಳೆಣ್ಣೆ ಹುಯ್ದಿದ್ದರು. ಎಣ್ಣೆ ಒಳಗೆ ಇಳಿದಿರಲಿಲ್ಲ, ಜೊಲ್ಲಿನ ಜೊತೆ ಅವರ ಕೈಮೇಲೆಯೇ ಹರಿದಿತ್ತು. ಎರಡು ದಿನ ಮುಂಚೆ ಹಸು ಒಂದೇ ಸಮನೆ ಕೂಗುತ್ತ ಪಕ್ಕದ ರಾಸಿನ ಮೇಲೆ ಹತ್ತಿತ್ತಂತೆ. ಬೆದೆಗೆ ಬಂದಿದೆ ಎಂದು ಕೃತಕ ಗರ್ಭಧಾರಣೆ ಕಾರ್ಯಕರ್ತನನ್ನೂ ಕರೆಸಿದ್ದರು. ಆತ ಬಂದು ಕೆಲಸ ಮುಗಿಸಿ ಹೋಗಿದ್ದ.

ನನಗೆ ಅನುಮಾನ ಬಂದದ್ದು ಜೊಲ್ಲಿನಿಂದಲ್ಲ, ಕೂಗಿನಿಂದ. ದನಿ ಒಡೆದು ಹೋಗಿತ್ತು. ಕೂಗಲು ಬಾಯಿ ತೆರೆದರೆ ಅರ್ಧಕ್ಕರ್ಧ ಗಾಳಿ ಬರುತ್ತಿತ್ತು. ಬಾಲ ಎತ್ತಿ ತಿಣುಕುತ್ತಿತ್ತು, ಸಗಣಿ ಇಲ್ಲ. ಹಿಂಗಾಲಿನ ಗೊರಸು ಮಡಚಿ ಹೆಜ್ಜೆ ತಪ್ಪುತ್ತಿತ್ತು. "ನಾಯಿ ಏನಾದ್ರೂ ಕಚ್ಚಿತ್ತಾ?" ಎಂದು ಕೇಳಿದೆ. ದೊಡ್ಡವರೆಲ್ಲ ಇಲ್ಲ ಎಂದರು. ಅಂಗಳದಲ್ಲಿ ನಿಂತಿದ್ದ ಹುಡುಗ ಹೇಳಿದ, "ಯುಗಾದಿ ಆದ್ಮೇಲೆ ಒಂದಿನ ತ್ವಾಟದಲ್ಲಿ ಕರಿ ನಾಯಿ ಮೂತಿಗೆ ಹಾರಿತ್ತು. ರಕ್ತ ಜಾಸ್ತಿ ಬರ್ಲಿಲ್ಲ." ಅದಾಗಿ ಒಂದೂವರೆ ತಿಂಗಳಾಗಿತ್ತು.

ನಾಲ್ಕನೇ ದಿನ ಹಸು ಸತ್ತಿತು. ಮೆದುಳಿನ ಮಾದರಿ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ಪ್ರಯೋಗಾಲಯಕ್ಕೆ ಹೋಯಿತು. ರೇಬಿಸ್ ಎಂದೇ ಬಂತು. ಅಷ್ಟರಲ್ಲಿ ಬಾಯಿಗೆ ಕೈ ಹಾಕಿದವರು, ಗೊಟ್ಟ ಹಿಡಿದವರು, ಜೊಲ್ಲು ಒರೆಸಿದವರು ಎಲ್ಲರನ್ನೂ ಲೆಕ್ಕ ಹಾಕಿದ್ದೆವು. ಒಂಬತ್ತು ಜನ. ಅಜ್ಜಿಯ ಬಲಗೈ ಬೆರಳಲ್ಲಿ ಹುಲ್ಲು ಕೊಯ್ಯುವಾಗ ಕುಡುಗೋಲು ತಾಗಿದ ಹಸಿ ಗಾಯವಿತ್ತು. ಎಲ್ಲರಿಗಿಂತ ಹೆಚ್ಚು ಅಪಾಯದಲ್ಲಿದ್ದವರು ಅವರೇ. ಒಪ್ಪದೆ ಕೂತವರೂ ಅವರೇ. "ನಾಯಿ ನನ್ನ ಕಚ್ಚಿಲ್ವಲ್ಲಪ್ಪ, ನಂಗ್ಯಾಕೆ ಸೂಜಿ?"

ಅಜ್ಜಿಯನ್ನು ಯಾಕೆ ದೂರಬೇಕು? ಒಪ್ಪಿಸಿ ಕಳಿಸಿದ ಆಸ್ಪತ್ರೆಯಲ್ಲೂ ಅದನ್ನೇ ಕೇಳಿದರು. ನಾಯಿ ಕಚ್ಚಿದ ಗಾಯ ಎಲ್ಲಿದೆ? ಇಲ್ಲ ಎಂದಾಗ ವಾಪಸ್ ಕಳಿಸಿದರು. ಮರುದಿನ ನಾನು ಕಾಗದ ಬರೆದುಕೊಟ್ಟು, ಜೊತೆಗೂ ಹೋಗಿ ನಿಂತ ಮೇಲೆ ಒಂಬತ್ತೂ ಜನಕ್ಕೆ ಲಸಿಕೆ ಸಿಕ್ಕಿತು. ಅಜ್ಜಿಯ ಗಾಯಕ್ಕೆ ಇಮ್ಯುನೊಗ್ಲೋಬ್ಯುಲಿನ್ ಕೂಡ ಹಾಕಿದರು.

ಹುಚ್ಚುನಾಯಿ ರೋಗ ಎಂಬ ನಮ್ಮ ಹೆಸರೇ ಇಲ್ಲಿ ದಾರಿ ತಪ್ಪಿಸುತ್ತದೆ. ಅದು ನಾಯಿಯ ರೋಗ ಮಾತ್ರ ಅಲ್ಲ, ಹಲ್ಲಿನ ರೋಗವೂ ಅಲ್ಲ. ಅದು ಮೆದುಳಿನ ಸೋಂಕು, ಜೊಲ್ಲಿನಲ್ಲಿ ದಾಟುವಂಥದ್ದು. ಕಚ್ಚಿದ ಜಾಗದಲ್ಲಿ ಬಿದ್ದ ವೈರಸ್ ರಕ್ತದಲ್ಲಿ ಓಡಾಡುವುದಿಲ್ಲ. ಹತ್ತಿರದ ನರ ಹಿಡಿದು ನಿಧಾನವಾಗಿ ಮೇಲೇರುತ್ತದೆ, ಬೆನ್ನುಹುರಿ ಸೇರುತ್ತದೆ, ಅಲ್ಲಿಂದ ಮೆದುಳು. ಮೆದುಳಿನಲ್ಲಿ ಬೆಳೆದ ಮೇಲೆ ಮತ್ತೆ ನರಗಳ ದಾರಿಯಲ್ಲೇ ಇಳಿದು ಜೊಲ್ಲುಗ್ರಂಥಿಗೆ ಬರುತ್ತದೆ. ಗಂಟಲಿನ ನರ ಸೋತಿರುವುದರಿಂದ ಹಸುವಿಗೆ ನುಂಗಲು ಆಗುವುದಿಲ್ಲ, ಅದೇ ವೇಳೆಗೆ ಜೊಲ್ಲಿನ ತುಂಬ ವೈರಸ್. ನಾವು ಗಂಟಲಲ್ಲಿ ಏನೋ ಸಿಕ್ಕಿದೆ ಎಂದು ಕೈ ಹಾಕುವುದು ಸರಿಯಾಗಿ ಆ ಹೊತ್ತಿನಲ್ಲೇ.

ಕಚ್ಚಿದ ದಿನದಿಂದ ಲಕ್ಷಣ ಕಾಣುವವರೆಗೆ ರಾಸುಗಳಲ್ಲಿ ಸಾಮಾನ್ಯವಾಗಿ ಮೂರು ವಾರದಿಂದ ಮೂರು ತಿಂಗಳು ಹಿಡಿಯುತ್ತದೆ, ಕೆಲವೊಮ್ಮೆ ಇನ್ನೂ ಹೆಚ್ಚು. ಮೂತಿಗೆ ಕಚ್ಚಿದರೆ ಮೆದುಳು ಹತ್ತಿರ, ಬೇಗ ಬರುತ್ತದೆ. ಕಾಲಿಗೆ ಕಚ್ಚಿದರೆ ತಡ. ಅಷ್ಟರಲ್ಲಿ ಗಾಯ ಮಾಗಿರುತ್ತದೆ, ಮನೆಯವರಿಗೆ ಮರೆತಿರುತ್ತದೆ. ಹಸುವಿಗೂ ಕುತೂಹಲದ ಸ್ವಭಾವ. ತೂರಾಡುತ್ತ ಬಂದ ನಾಯಿಯನ್ನು ಮೂಸಲು ಮೂತಿ ಮುಂದೆ ಚಾಚುತ್ತದೆ. ಲಕ್ಷಣ ಕಂಡ ಮೇಲೆ ಔಷಧಿ ಇಲ್ಲ. ಹೆಚ್ಚೆಂದರೆ ಹತ್ತು ದಿನದೊಳಗೆ ಸಾವು. ಎಲ್ಲ ಹಸುವೂ ಹಾಯಲು ಬರುತ್ತದೆ ಎಂದುಕೊಳ್ಳಬೇಡಿ. ಎಷ್ಟೋ ಹಸು ಸುಮ್ಮನೆ ಮಂಕಾಗಿ, ಹಿಂಗಾಲು ಸೋತು ಮಲಗಿ ಸಾಯುತ್ತವೆ. ಗೊಂತಿನಲ್ಲಿ ಸಾಧುವಾಗಿ ಸತ್ತದ್ದಕ್ಕೆ ಹುಚ್ಚು ಎಂದು ಯಾರಿಗೂ ಅನ್ನಿಸುವುದಿಲ್ಲ.

ಬೇರೆ ರೋಗಗಳಲ್ಲೂ ಇಂಥದೇ ಚಹರೆ ಕಾಣುತ್ತದೆ, ಅದನ್ನು ಒಪ್ಪುತ್ತೇನೆ. ಕರು ಹಾಕಿದ ಒಂದೆರಡು ದಿನದಲ್ಲಿ ಕಿವಿ ತಣ್ಣಗಾಗಿ, ಕುತ್ತಿಗೆ ಪಕ್ಕಕ್ಕೆ ಹೊರಳಿಸಿ ಮಲಗಿದರೆ ಹಾಲುಜ್ವರ. ಕ್ಯಾಲ್ಸಿಯಂ ಕೊಟ್ಟರೆ ಎದ್ದು ನಿಲ್ಲುತ್ತದೆ. ಹಾಲು ಹೆಚ್ಚು ಕೊಡುವ ಹಸು ಕರು ಹಾಕಿದ ಮೊದಲ ತಿಂಗಳಲ್ಲಿ ಗೋಡೆ ನೆಕ್ಕುತ್ತ, ಕಬ್ಬಿಣ ಕಚ್ಚುತ್ತ, ಹುಚ್ಚು ಹಿಡಿದಂತೆ ಆಡಿದರೆ ಅದು ಕೀಟೋಸಿಸ್ ಇರಬಹುದು. ಕೆಟ್ಟ ರಸಮೇವು ತಿಂದ ಹಸು ಒಂದೇ ಕಡೆ ಸುತ್ತಿದರೆ, ಒಂದು ಕಿವಿ ಜೋತುಬಿದ್ದರೆ ಲಿಸ್ಟೀರಿಯಾ ಎಂಬ ಬ್ಯಾಕ್ಟೀರಿಯಾ ಮೆದುಳಿನ ಬುಡಕ್ಕೆ ಹೋಗಿರಬಹುದು. ಬೇಗ ಹಿಡಿದರೆ ಅದಕ್ಕೂ ಚಿಕಿತ್ಸೆ ಇದೆ. ಕಾಲುಬಾಯಿ ರೋಗದಲ್ಲೂ ಜೊಲ್ಲು ಬರುತ್ತದೆ, ಆದರೆ ನಾಲಿಗೆ ಮೇಲೆ, ಗೊರಸಿನ ಸಂದಿಯಲ್ಲಿ ಗುಳ್ಳೆ ಇರುತ್ತದೆ. ಇವನ್ನೆಲ್ಲ ಬೇರ್ಪಡಿಸಿ ಹೇಳುವುದು ವೈದ್ಯರ ಕೆಲಸ. ವೈದ್ಯರು ಬರುವವರೆಗೆ ಕೈಯನ್ನು ಹೊರಗೆ ಇಟ್ಟುಕೊಳ್ಳುವುದು ನಿಮ್ಮ ಕೆಲಸ. ನಾನೂ ಕೆಲಸಕ್ಕೆ ಸೇರಿದ ಹೊಸದರಲ್ಲಿ ಬರಿಗೈ ಹಾಕಿದವನೇ. ಒಂದು ಸಲ ಅದರ ಫಲವಾಗಿ ಪೂರ್ತಿ ಲಸಿಕೆ ಹಾಕಿಸಿಕೊಂಡು, ಮನೆಯಲ್ಲಿ ಮೂರು ತಿಂಗಳು ಯಾರಿಗೂ ಹೇಳದೆ ದಿನ ಎಣಿಸಿದ್ದೇನೆ.

ಕುರಿ ಸಾಕಿರುವವರಿಗೆ ಇನ್ನೊಂದು ಮಾತು. ಕುರಿ ತಲೆ ಓರೆ ಮಾಡಿ ಒಂದೇ ಕಡೆ ಗಿರಗಿರ ಸುತ್ತಿದರೆ "ತಲೇಲಿ ಗೆಡ್ಡೆ ಬೆಳೆದೈತೆ" ಅನ್ನುತ್ತಾರೆ. ಮೆದುಳು ಕೊಯ್ದು ನೋಡಿದರೆ ನಿಜಕ್ಕೂ ಒಳಗೆ ನೀರು ತುಂಬಿದ ಚೀಲ ಸಿಗುತ್ತದೆ. ಅದು ಕ್ಯಾನ್ಸರ್ ಗೆಡ್ಡೆ ಅಲ್ಲ, ನಾಯಿಯ ಕರುಳಿನಲ್ಲಿರುವ ಲಾಡಿಹುಳುವಿನ ಮರಿಕೋಶ. ನಾಯಿಯ ಮಲದಿಂದ ಮೊಟ್ಟೆ ಹುಲ್ಲಿಗೆ, ಹುಲ್ಲಿನಿಂದ ಕುರಿಗೆ. ಸತ್ತ ಕುರಿಯ ತಲೆಯನ್ನು ನಾಯಿಗೆ ಎಸೆದರೆ ಮತ್ತೆ ನಾಯಿಗೆ. ಎರಡು ರೋಗದಲ್ಲೂ ದಾರಿ ನಾಯಿಯ ಮೂಲಕವೇ ಹಾದುಹೋಗುತ್ತದೆ.

ಈಗ ನಾನು ಹೇಳಬೇಕಾದ ವಿಷಯಕ್ಕೆ ಬರುತ್ತೇನೆ. ಆ ಮನೆಯವರು ನಾಯಿ ಕಚ್ಚಿಲ್ಲ ಎಂದದ್ದು ಮರೆತಿದ್ದರಿಂದ ಮಾತ್ರವಲ್ಲ. ಯಜಮಾನರು ಆಮೇಲೆ ನನ್ನೊಬ್ಬನನ್ನೇ ಕರೆದು ಹೇಳಿದರು: ಹುಚ್ಚು ಅಂತ ಗೊತ್ತಾದರೆ ಡೇರಿಯಲ್ಲಿ ನಮ್ಮ ಹಾಲು ತಗೊಳ್ತಾರಾ? ಇನ್ನೆರಡು ಹಸು ಇವೆ, ಅವುಗಳ ಹಾಲಿನ ದುಡ್ಡಲ್ಲೇ ಸಾಲದ ಕಂತು. ಆ ಹೆದರಿಕೆಯಿಂದ ಸುದ್ದಿ ಮುಚ್ಚಿಟ್ಟಿದ್ದರೆ ಒಂಬತ್ತು ಜನರ ಹೆಸರು ನನಗೆ ಸಿಗುತ್ತಿರಲಿಲ್ಲ. ಅಜ್ಜಿಯ ಬೆರಳಿನ ಗಾಯ ಯಾರಿಗೂ ಕಾಣುತ್ತಿರಲಿಲ್ಲ.

ಆದ್ದರಿಂದ ಸಂಘದ ಕಾರ್ಯದರ್ಶಿಗಳು ಮತ್ತು ಆಡಳಿತ ಮಂಡಳಿಯವರು ಇದನ್ನು ಬಾಯಿಬಿಟ್ಟು ಹೇಳಬೇಕು: ಕಾಯಿಲೆ ಬಿದ್ದ ಹಸುವಿನ ಹಾಲು ಕ್ಯಾನಿಗೆ ಬೇಡ, ಮನೆಗೂ ಬೇಡ, ಕರುವಿಗೂ ಬೇಡ. ಆದರೆ ಅದೇ ಕೊಟ್ಟಿಗೆಯ ಆರೋಗ್ಯವಾಗಿರುವ ಹಸುಗಳ ಹಾಲನ್ನು ತಿರಸ್ಕರಿಸುವುದಿಲ್ಲ. ಪಾಶ್ಚರೀಕರಣದ ಶಾಖಕ್ಕೆ ಈ ವೈರಸ್ ಉಳಿಯುವುದಿಲ್ಲ, ಮನೆಯಲ್ಲಿ ಕುದಿಸಿದರೂ ಉಳಿಯುವುದಿಲ್ಲ. ಪ್ಯಾಕೆಟ್ ಹಾಲು ಕೊಳ್ಳುವವರು ಹೆದರಬೇಕಾಗಿಲ್ಲ. ಕರೆದ ತಕ್ಷಣ ಮಕ್ಕಳಿಗೆ ನೊರೆಹಾಲು ಕುಡಿಸುವ ಅಭ್ಯಾಸ ಮಾತ್ರ ಬಿಡಬೇಕು. ಅದಕ್ಕೆ ರೇಬಿಸ್ ಒಂದೇ ಕಾರಣವಲ್ಲ, ಬ್ರುಸೆಲ್ಲಾ ಇನ್ನೂ ದೊಡ್ಡ ಕಾರಣ.

ಎರಡನೆಯದು, ಇದಕ್ಕಾಗಿಯೇ ಇಷ್ಟು ಬರೆದದ್ದು. ಊರಿನ ನಾಯಿಗಳಿಗೆ ಲಸಿಕೆ ಹಾಕಿಸುವ ಕೆಲಸವನ್ನು ಹಾಲು ಉತ್ಪಾದಕರ ಸಂಘವೇ ಕೈಗೆತ್ತಿಕೊಳ್ಳಬೇಕು.

ಮನುಷ್ಯರಿಗೆ ಬರುವ ರೇಬಿಸ್‌ನಲ್ಲಿ 100ಕ್ಕೆ 99 ಪಾಲು ನಾಯಿಯಿಂದಲೇ ಬರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ನಮ್ಮ ರಾಸುಗಳಿಗೆ ಬರುವುದೂ ಬಹುತೇಕ ನಾಯಿಯಿಂದಲೇ. ಊರಿನ ನಾಯಿಗಳಲ್ಲಿ 100ಕ್ಕೆ 70ರಷ್ಟಕ್ಕೆ ಪ್ರತಿ ವರ್ಷ ಲಸಿಕೆ ಬಿದ್ದರೆ ರೋಗ ಒಂದು ನಾಯಿಯಿಂದ ಇನ್ನೊಂದಕ್ಕೆ ಹರಡುವ ಸರಪಳಿ ಕಡಿಯುತ್ತದೆ. ಇದು ಬರೀ ಪುಸ್ತಕದ ಲೆಕ್ಕವಲ್ಲ. ಪಕ್ಕದ ಗೋವಾದಲ್ಲಿ ವರ್ಷ ವರ್ಷ ಬೀದಿ ಬೀದಿಗೆ ಬಲೆ ಹಿಡಿದು ಹೋಗಿ ಹೀಗೆಯೇ ಲಸಿಕೆ ಹಾಕಿದರು. ಮನುಷ್ಯರ ಸಾವು ಸೊನ್ನೆಗೆ ಇಳಿಯಿತು. 2021ರಲ್ಲಿ ಅಲ್ಲಿನ ಸರ್ಕಾರ ಗೋವಾವನ್ನು ರೇಬಿಸ್ ನಿಯಂತ್ರಿತ ಪ್ರದೇಶ ಎಂದು ಘೋಷಿಸಿತು. ಅದೇ ವರ್ಷ ಕೇಂದ್ರ ಸರ್ಕಾರ 2030ರೊಳಗೆ ನಾಯಿಯಿಂದ ಬರುವ ರೇಬಿಸ್ ನಿವಾರಿಸುವ ರಾಷ್ಟ್ರೀಯ ಕ್ರಿಯಾ ಯೋಜನೆ ಹೊರಡಿಸಿತು. 2022ರಲ್ಲಿ ನಮ್ಮ ರಾಜ್ಯ ಮನುಷ್ಯರ ರೇಬಿಸ್ ಪ್ರಕರಣವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ರೋಗ ಎಂದು ಸಾರಿತು. ಕಾಗದದಲ್ಲಿ ಎಲ್ಲ ಇದೆ. ಹಳ್ಳಿಯ ನಾಯಿಯ ಹತ್ತಿರ ಸಿರಿಂಜು ಹಿಡಿದು ಹೋಗುವವರು ಯಾರು ಎಂಬುದಷ್ಟೇ ಬಾಕಿ.

ಸಂಘದ ಸಭೆಗಳಲ್ಲಿ ಈ ಮಾತು ಎತ್ತಿದಾಗಲೆಲ್ಲ ಬರುವ ಉತ್ತರ ನನಗೆ ಬಾಯಿಪಾಠ. "ನಾಯಿ ಪಂಚಾಯ್ತಿಗೆ ಸೇರಿದ್ದು, ಡೇರಿಗಲ್ಲ." ಬೀದಿನಾಯಿಗಳ ಹೊಣೆ ಸ್ಥಳೀಯ ಸಂಸ್ಥೆಯದು ಎಂಬುದು ಸರಿ. ಆದರೆ ಹೊಣೆ ಯಾರದ್ದೆಂದು ತೀರ್ಮಾನವಾಗುವವರೆಗೆ ಕಚ್ಚಿಸಿಕೊಳ್ಳುವ ಹಸು ಡೇರಿಗೆ ಸೇರಿದ್ದೇ. ಹಳ್ಳಿಯಲ್ಲಿ ದಿನಕ್ಕೆರಡು ಸಲ ಸಮಯ ತಪ್ಪದೆ ಬಾಗಿಲು ತೆರೆಯುವ ಜಾಗ ಯಾವುದು? ಯಾವ ಮನೆಯಲ್ಲಿ ಎಷ್ಟು ರಾಸು ಇವೆ ಎಂಬ ಪಟ್ಟಿ ಇರುವುದು ಎಲ್ಲಿ? ಹಾಲಿನಿಂದಾಗಿ ಶೈತ್ಯ ಕಾಪಾಡುವುದು ಎಂದರೇನು ಎಂದು ತಿಳಿದವರು ಎಲ್ಲಿದ್ದಾರೆ? ಈ ಲಸಿಕೆಯೂ 2ರಿಂದ 8 ಡಿಗ್ರಿ ತಂಪಿನಲ್ಲೇ ಇರಬೇಕು. ಇನ್ನೊಂದು ತಮಾಷೆಯ ವಿಷಯ, ಆದರೆ ನಿಜ: ಊರಿನ ನಾಯಿಗಳೂ ಕ್ಯಾನು ತೊಳೆಯುವ ಹೊತ್ತಿಗೆ ಡೇರಿಯ ಮುಂದೆಯೇ ಬಂದು ಕೂತಿರುತ್ತವೆ.

ಇನ್ನೊಂದು ಉತ್ತರ ಸ್ವಲ್ಪ ತಗ್ಗಿದ ದನಿಯಲ್ಲಿ ಬರುತ್ತದೆ. ಲಸಿಕೆ ಯಾಕೆ, ಹೊಡೆದು ಹಾಕಿದರೆ ಮುಗೀತಲ್ಲ. ಕಾನೂನು ಅದಕ್ಕೆ ಒಪ್ಪುವುದಿಲ್ಲ, 2023ರ ಪ್ರಾಣಿ ಸಂತಾನ ನಿಯಂತ್ರಣ ನಿಯಮ ಸ್ಪಷ್ಟವಾಗಿದೆ. ಕಾನೂನು ಬದಿಗಿಟ್ಟು ಲೆಕ್ಕ ಹಾಕಿದರೂ ಅದು ನಷ್ಟದ ಬಾಬತ್ತು. ಹತ್ತು ನಾಯಿ ಹೊಡೆದರೆ ಖಾಲಿಯಾದ ಜಾಗಕ್ಕೆ ಆಚೆ ಊರಿನ ನಾಯಿಗಳು ಬರುತ್ತವೆ, ಅವಕ್ಕೆ ಯಾವ ಲಸಿಕೆಯೂ ಬಿದ್ದಿರುವುದಿಲ್ಲ. ಲಸಿಕೆ ಬಿದ್ದ ಊರುನಾಯಿ ಹೊರಗಿನ ನಾಯಿಯನ್ನು ಗಡಿಯಲ್ಲೇ ಬೊಗಳಿ ಓಡಿಸುತ್ತದೆ.

ಖರ್ಚಿನ ಮಾತು. ಒಂದು ನಾಯಿಗೆ ಬೇಕಾಗುವ ಒಂದು ಡೋಸ್ ಲಸಿಕೆಯ ಬೆಲೆ, ಒಳ್ಳೆಯ ಹಸು ಒಂದು ದಿನ ಕೊಡುವ ಹಾಲಿನ ದುಡ್ಡಿಗಿಂತ ಕಡಿಮೆ. ಊರಿನ ಅಷ್ಟೂ ನಾಯಿಗೆ ಹಾಕಿಸಿದರೂ ಒಂದು ಹಸುವಿನ ಬೆಲೆ ಆಗುವುದಿಲ್ಲ. ಪಶು ಆಸ್ಪತ್ರೆಗಳಲ್ಲಿ ಜುಲೈ 6ರ ಪ್ರಾಣಿಜನ್ಯ ರೋಗಗಳ ದಿನದಂದು, ಸೆಪ್ಟೆಂಬರ್ 28ರ ರೇಬಿಸ್ ದಿನದಂದು ಉಚಿತವಾಗಿಯೂ ಹಾಕುತ್ತಾರೆ. ಆದರೆ ಸಾಕುನಾಯಿಯನ್ನು ಸರಪಳಿ ಕಟ್ಟಿ ಕರೆದೊಯ್ಯುವವರಿಗೆ ಮಾತ್ರ ಅದು ದಕ್ಕುತ್ತದೆ. ಹಳ್ಳಿ ನಾಯಿಗೆ ಸರಪಳಿ ಎಲ್ಲಿ? ಆದರೂ ಅನ್ನ ಹಾಕುವ ಮನೆ ಒಂದು ಇದ್ದೇ ಇರುತ್ತದೆ. ಆ ಮನೆಯ ಹುಡುಗನೋ ಹೆಂಗಸೋ ಕರೆದರೆ ಬಾಲ ಅಲ್ಲಾಡಿಸುತ್ತ ಬರುತ್ತದೆ. ಹಿಡಿಯುವವರಿಗೆ ಮೊದಲೇ ಲಸಿಕೆ ಹಾಕಿಸಿರಬೇಕು, ಯಾರ ಕೈಗೂ ಸಿಗದವಕ್ಕೆ ಬಲೆ ಬೇಕು. ಅದೇ ದಿನ ಜಂತುಹುಳುವಿನ ಮಾತ್ರೆಯನ್ನೂ ಕೊಟ್ಟರೆ ಕುರಿಗಳ ತಲೆಯ ನೀರುಚೀಲಕ್ಕೂ ಮದ್ದು ಹಾಕಿದಂತೆ.

ಇದಾಗುವವರೆಗೆ ಕೊಟ್ಟಿಗೆಯಲ್ಲಿ ಏನು ಮಾಡಬೇಕು ಎಂದು ಕೇಳುತ್ತೀರಿ. ಹಸುವಿಗೆ ನಾಯಿ ಕಚ್ಚಿದ್ದು ಕಂಡರೆ ಕೈಗವಸು ಹಾಕಿಕೊಂಡು ಗಾಯವನ್ನು ಸೋಪು ನೀರಿನಿಂದ 15 ನಿಮಿಷ ತೊಳೆಯಿರಿ. ಸುಣ್ಣ, ಖಾರದ ಪುಡಿ ಮೆತ್ತಬೇಡಿ. ಅದೇ ದಿನ ವೈದ್ಯರಿಗೆ ಹೇಳಿ. ಕಚ್ಚಿದ ಮೇಲೂ ರಾಸಿಗೆ 0, 3, 7, 14, 28ನೇ ದಿನ ಲಸಿಕೆ ಹಾಕುತ್ತಾರೆ, ಒಂದು ದಿನವನ್ನೂ ತಪ್ಪಿಸಬೇಡಿ. ಮೂರನೇ ಚುಚ್ಚುಮದ್ದಾದ ಮೇಲೆ ಹಸು ಚೆನ್ನಾಗಿದೆಯಲ್ಲ ಎಂದು ಬಿಟ್ಟವರನ್ನು ನೋಡಿದ್ದೇನೆ. ಹುಚ್ಚಿನಿಂದ ಸತ್ತ ರಾಸಿನ ಚರ್ಮ ಸುಲಿಯಲು ಕೊಡಬೇಡಿ, ಆಳವಾಗಿ ಹೂಳಿ. ಮನುಷ್ಯರಿಗಾದರೆ ಜೊಲ್ಲು ತಾಗಿದ ಕೈಯನ್ನು ಅಷ್ಟೇ ಹೊತ್ತು ಸೋಪಿನಲ್ಲಿ ತೊಳೆದು ಆಸ್ಪತ್ರೆಗೆ. ಅಲ್ಲಿ ನಾಯಿ ಕಚ್ಚಿದೆಯಾ ಎಂದು ಕೇಳಿದರೆ, "ಇಲ್ಲ, ರೇಬಿಸ್ ಅನುಮಾನ ಇರುವ ಹಸುವಿನ ಜೊಲ್ಲು ಗಾಯಕ್ಕೆ ತಾಗಿದೆ" ಎಂದು ಈ ಮಾತಿನಲ್ಲೇ ಹೇಳಿ. ಕಣ್ಣಿಗೆ, ಬಾಯಿಗೆ ಸಿಡಿದಿದ್ದರೆ ಅದನ್ನೂ ಹೇಳಿ. ಸಾಧ್ಯವಾದರೆ ಪಶುವೈದ್ಯರ ಚೀಟಿ ಒಯ್ಯಿರಿ. ಹೊಟ್ಟೆ ಸುತ್ತ ಹದಿನಾಲ್ಕು ಸೂಜಿ ಎಂಬ ಹಳೆಯ ಹೆದರಿಕೆ ಇನ್ನೂ ಇದೆ. ಕುರಿಯ ಮೆದುಳಿನಿಂದ ತಯಾರಾಗುತ್ತಿದ್ದ ಆ ಲಸಿಕೆ ನಿಂತು 20 ವರ್ಷದ ಮೇಲಾಯಿತು. ಈಗ ತೋಳಿಗೆ ಕೊಡುವ ಸಣ್ಣ ಚುಚ್ಚುಮದ್ದು, ನಾಲ್ಕೈದು ಸಲ ಹೋಗಿಬಂದರೆ ಮುಗಿಯಿತು.

ಸಂಘಗಳ ವಾರ್ಷಿಕ ಸಭೆಗಳು ಸೆಪ್ಟೆಂಬರ್ ಹೊತ್ತಿಗೆ ನಡೆಯುತ್ತವೆ. ಲಾಭಾಂಶ, ಬೋನಸ್, ಕಟ್ಟಡದ ಸುಣ್ಣಬಣ್ಣ ಎಲ್ಲ ಚರ್ಚೆಗೆ ಬರುತ್ತದೆ, ಬರಲಿ. ವಿಷಯಪಟ್ಟಿಯಲ್ಲಿ ನಾಯಿ ಲಸಿಕೆ ಎಂದು ಒಂದು ಸಾಲು ಸೇರಿಸಿ ಎಂದು ಯಾರಾದರೂ ಒಬ್ಬ ಸದಸ್ಯ ಎದ್ದು ನಿಂತು ಕೇಳಿದರೆ ಸಾಕು. ಒಕ್ಕೂಟವೂ ತನ್ನ ಪಶುವೈದ್ಯಕೀಯ ವಿಭಾಗದಿಂದ ಲಸಿಕೆ ಹಾಕುವವರನ್ನು ಆ ಒಂದು ದಿನಕ್ಕೆ ಕಳಿಸಬೇಕು. ಕಾಲುಬಾಯಿ ರೋಗದ ಲಸಿಕೆಗೆ ಮನೆಮನೆ ತಿರುಗುವ ಅದೇ ಹುಡುಗರು ಇದನ್ನೂ ಮಾಡಬಲ್ಲರು.

ಆ ಅಜ್ಜಿ ಈಗಲೂ ಇದ್ದಾರೆ. ಕಳೆದ ದೀಪಾವಳಿಗೆ ಆ ದಾರಿಯಲ್ಲಿ ಹೋದಾಗ ಕರೆದು ಕೂರಿಸಿ ಕಾಫಿ ಕೊಟ್ಟರು. ಜಗಲಿಯ ಮೇಲೆ ಒಂದು ಕಂದು ನಾಯಿ ಮಲಗಿತ್ತು. "ಇದ್ಕೆ ಹಾಕ್ಸಿದ್ದೀರಾ?" ಎಂದೆ. "ನಂಗೆ ಹಾಕ್ಸಿದ್ರಲ್ಲ, ಸಾಲ್ದಾ?" ಎಂದು ನಕ್ಕರು. ನನ್ನ ಬ್ಯಾಗಿನಲ್ಲಿ ಅವತ್ತು ಲಸಿಕೆ ಇರಲಿಲ್ಲ.